ತರಕಾರಿ ಬೆಂದ ನೀರು

ಮಂಗಳವಾರದ ರಿಪೋರ್ಟಿನಲ್ಲಿ ಸಂಸೆಯ ಅಕ್ಕನ ಪೊಟ್ಯಾಷಿಯಂ ಆರು ಪಾಯಿಂಟ್ ಎಂಟು ಎಂದು ಬಂದಿತ್ತು. ಹಿಂದಿನ ವಾರ ಆರೂವರೆ. ಅದಕ್ಕೂ ಹಿಂದೆ ಆರು ಪಾಯಿಂಟ್ ಎರಡು. ಒಂದು ತಿಂಗಳ ಹಿಂದೆ ನಾನು ಹೇಳಿಕೊಟ್ಟ ಪಥ್ಯ ಶುರುವಾದ ಮೇಲೆ ಇಳಿಯಬೇಕಾಗಿದ್ದ ಅಂಕಿ ವಾರವಾರವೂ ಏರುತ್ತಿತ್ತು. ರಿಪೋರ್ಟು ನೋಡಿ ನಾನು ಹೆದರಬೇಕಿತ್ತು, ಸಿಟ್ಟಾದೆ. ನನ್ನ ಸ್ವಭಾವವೇ ಹಾಗೆ. ಹೆದರಿಕೆ ಬರಬೇಕಾದ ಕಡೆಗೆಲ್ಲ ಸಿಟ್ಟು ಮೊದಲು ಬಂದು ಕೂತುಬಿಡುತ್ತದೆ.

ನಾನು ಮೂಡಿಗೆರೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಹಾರ ಸಲಹೆಗಾರ್ತಿ. ಐದು ಮಷೀನುಗಳ ಡಯಾಲಿಸಿಸ್ ಘಟಕದ ಮೂಲೆಯಲ್ಲಿ ನನ್ನದೊಂದು ಮೇಜು, ಒಂದು ರಿಜಿಸ್ಟರು, ತೂಕದ ಮಷೀನು. ಕಿಡ್ನಿ ಕೈಬಿಟ್ಟವರು ಏನು ತಿನ್ನಬೇಕು, ಎಷ್ಟು ಕುಡಿಯಬೇಕು ಎಂದು ದಿನವಿಡೀ ಹೇಳುವುದು ನನ್ನ ಕೆಲಸ. ನಮಗೆಲ್ಲ ಒಳ್ಳೆಯದಾದ ಎಳನೀರು, ಬಾಳೆಹಣ್ಣು, ಸೊಪ್ಪು ಅವರಿಗೆ ಆಗುವುದಿಲ್ಲ. ಅವುಗಳಲ್ಲಿರುವ ಪೊಟ್ಯಾಷಿಯಮ್ಮನ್ನು ಕಿಡ್ನಿ ಹೊರಹಾಕದಿದ್ದರೆ ಅದು ರಕ್ತದಲ್ಲೇ ಕೂಡುತ್ತದೆ. ಏಳರ ಹತ್ತಿರ ಹೋದರೆ ಹೃದಯದ ಬಡಿತ ತಪ್ಪಬಹುದು, ನಿಂತೇ ಹೋಗಬಹುದು. ಮುನ್ಸೂಚನೆಯನ್ನೂ ಕೊಡುವುದಿಲ್ಲ. ಬಸ್ಸಿನಲ್ಲಿ ಕೂತವರು ಕೂತಲ್ಲೇ ಹೋಗಿಬಿಡಬಹುದು.

ಸಂಸೆಯ ಅಕ್ಕ ಅಂದರೆ ಸಂಸೆ ಕಡೆಯ ಒಬ್ಬ ಶಾಲಾ ಮೇಷ್ಟ್ರ ಹೆಂಡತಿ. ವಯಸ್ಸು ಐವತ್ತರ ಆಸುಪಾಸು. ಮಂಗಳವಾರ, ಶುಕ್ರವಾರ ಬೆಳಗಿನ ಮೊದಲ ಬಸ್ಸು ಹಿಡಿದು ಕಳಸಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಕೊಟ್ಟಿಗೆಹಾರದ ತಿರುವುಗಳನ್ನೆಲ್ಲ ಸುತ್ತಿ ನಮ್ಮಲ್ಲಿಗೆ ಬರುತ್ತಿದ್ದರು. ನಾಲ್ಕು ಗಂಟೆ ಮಷೀನು, ಮತ್ತೆ ಅದೇ ದಾರಿ. ಎಲ್ಲ ಒಬ್ಬರೇ. ಮೇಷ್ಟ್ರ ರಜೆಗಳೆಲ್ಲ ಮೊದಲ ಮೂರು ತಿಂಗಳಲ್ಲೇ ಮುಗಿದಿದ್ದವು. ಮಾತು ಬಹಳ ಕಮ್ಮಿ. ಮಷೀನಿಗೆ ಹಾಕಿದ ಕೈಯನ್ನು ಅಲುಗಾಡಿಸದೆ ಕಿಟಕಿಯ ಕಡೆ ನೋಡುತ್ತಾ ಮಲಗುತ್ತಿದ್ದರು. ಉಳಿದವರ ಬಳಿ ಯಾರಾದರೂ ಕೂತಿರುತ್ತಿದ್ದರು. ಇವರ ಮಂಚದ ಪಕ್ಕದ ಸ್ಟೂಲಿನ ಮೇಲೆ ಇವರ ಕೈಚೀಲ ಮಾತ್ರ ಇರುತ್ತಿತ್ತು.

ನನ್ನ ಪರಿಸ್ಥಿತಿಯೂ ಬೇರೆಯಲ್ಲ ಎಂದು ಈಗ ಬರೆಯಲು ನಾಚಿಕೆಯಿಲ್ಲ. ತುಮಕೂರಿನ ಕಡೆಯಿಂದ ಬಂದವಳು, ಊರಿನಲ್ಲಿ ಬಳಗವಿಲ್ಲ. ಗೊಬ್ಬರದ ಅಂಗಡಿಯ ಮೇಲಿನ ಒಂದು ರೂಮು. ಹಗಲೆಲ್ಲ ಊಟದ ಮಾತೇ ಆಡಿ ಸಂಜೆ ರೂಮಿಗೆ ಹೋದರೆ ಒಲೆ ಹಚ್ಚಲು ಮನಸ್ಸೇ ಬರುತ್ತಿರಲಿಲ್ಲ. ಬೇಕರಿಯ ಬನ್ನು, ಇಲ್ಲವಾದರೆ ಅವಲಕ್ಕಿಗೆ ಮೊಸರು. ಫೋನನ್ನು ಡಬ್ಬಿಗೆ ಒರಗಿಸಿಟ್ಟು ಯಾರದೋ ಅಡುಗೆಯ ವಿಡಿಯೋ ನೋಡುತ್ತಾ ತಿಂದು ಮಲಗಿದರೆ ದಿನ ಮುಗಿಯಿತು. ಇದನ್ನು ನನ್ನ ರೋಗಿಗಳು ಯಾರಾದರೂ ನೋಡಿದ್ದರೆ ನಾನು ಬರೆದುಕೊಡುವ ಪಥ್ಯದ ಚೀಟಿಯನ್ನು ನನಗೇ ವಾಪಸ್ಸು ಕೊಡುತ್ತಿದ್ದರು.

ಚೀಟಿಯ ಬಗ್ಗೆ ಮಾತ್ರ ನನಗೆ ಭಾರಿ ಜಂಬವಿತ್ತು. ನಾನು ಬರುವ ಮುಂಚೆ ಇಲ್ಲಿ ಕೊಡುತ್ತಿದ್ದ ಪಥ್ಯದ ಹಾಳೆಯಲ್ಲಿ ಈ ಕಡೆಯವರು ಕಂಡೇ ಇರದ ತರಕಾರಿಗಳ ಹೆಸರಿದ್ದವು. ನಾನದನ್ನು ಹರಿದುಹಾಕಿ ಹೊಸದಾಗಿ ಬರೆದೆ. ಕೆಸುವಿನ ಸೊಪ್ಪು, ಬಾಳೆದಿಂಡು, ಹಲಸಿನ ಬೀಜ ಬೇಡ. ಹೀರೆಕಾಯಿ, ಸೋರೆಕಾಯಿ, ಸೀಮೆಬದನೆ, ಎಲೆಕೋಸು ಮಿತಿಯಲ್ಲಿ ಆಗಬಹುದು. ಅದನ್ನೂ ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ಬಿಸಿನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರು ಧಾರಾಳವಾಗಿ ಹಾಕಿ ಬೇಯಿಸಿ, ಆ ನೀರನ್ನೂ ಚೆಲ್ಲಿ, ಆಮೇಲೆ ಒಗ್ಗರಣೆ. ಪೊಟ್ಯಾಷಿಯಂ ಬಹಳಷ್ಟು ನೀರಿಗೆ ಇಳಿದುಹೋಗುತ್ತದೆ. ದಪ್ಪ ಅಕ್ಷರದಲ್ಲಿ ಬರೆದು ಝೆರಾಕ್ಸ್ ಮಾಡಿಸಿ, ಪ್ರತಿಯೊಬ್ಬರಿಗೂ ಓದಿ ಹೇಳಿ ಕೊಡುತ್ತಿದ್ದೆ.

ಕೇಳುವವರ ಮನಸ್ಸು ಇನ್ನೆಲ್ಲೋ ಇರುತ್ತಿತ್ತು. "ಅದೆಲ್ಲ ಸರಿ ಮೇಡಂ, ನ್ಯಾಚುರಲ್ ಆಗಿ ಎಂತಾದ್ರೂ ಉಂಟಾ?" ಎನ್ನುತ್ತಿದ್ದರು. ಒಬ್ಬರು ಬಾಳೆದಿಂಡಿನ ರಸವನ್ನು ಬಾಟಲಿಯಲ್ಲೇ ತಂದು ಮೇಜಿನ ಮೇಲಿಟ್ಟಿದ್ದರು. ಇನ್ನೊಬ್ಬರು ನೆಗ್ಗಿಲ ಮುಳ್ಳಿನ ಕಷಾಯ. ಕಿಡ್ನಿಯ ಕಲ್ಲಿಗೆಂದು ಯಾರೋ ಕುಡಿದು ಸುಖವಾಗಿದ್ದರಂತೆ. ಕಲ್ಲಿನ ಲೆಕ್ಕವೇ ಬೇರೆ, ಸೋತ ಕಿಡ್ನಿಯ ಲೆಕ್ಕವೇ ಬೇರೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗುತ್ತಿತ್ತು. ಸಂಸೆಯ ಅಕ್ಕ ಮಾತ್ರ ಅಂಥದ್ದೇನನ್ನೂ ಕೇಳಲಿಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗಿಟ್ಟು, "ಹಾಗೇ ಮಾಡ್ತೀನಿ ಮೇಡಂ" ಎಂದಿದ್ದರು. ಪ್ರತಿ ವಾರ ಹಿಂದಿನ ದಿನದ ಊಟ ಕೇಳಿದಾಗಲೂ ಒಂದೇ ಉತ್ತರ. ಅನ್ನ, ತಿಳಿಸಾರು, ಬೇಯಿಸಿದ ತರಕಾರಿ ಪಲ್ಯ. ನಾನು ರಿಜಿಸ್ಟರಿನಲ್ಲಿ ಮೂರಕ್ಕೂ ಸರಿ ಗುರುತು ಹಾಕುತ್ತಿದ್ದೆ.

ಆ ಮಂಗಳವಾರ ತೂಕವೂ ಕೈಕೊಟ್ಟಿತ್ತು. ಎರಡು ಡಯಾಲಿಸಿಸ್ಸಿನ ನಡುವೆ ಎರಡು ಕಿಲೋ ಏರಬಹುದಾದ ಕಡೆ ಮೂರೂವರೆ ಏರಿತ್ತು. ಅಷ್ಟೂ ಮೈಯಲ್ಲಿ ನಿಂತ ನೀರು. ವಾರಕ್ಕೊಮ್ಮೆ ಬರುವ ಕಿಡ್ನಿ ಡಾಕ್ಟ್ರು ರಿಪೋರ್ಟು ನೋಡಿ, "ಇನ್ನೊಂದು ವಾರ ನೋಡೋಣ. ಇಳಿಯದಿದ್ರೆ ವಾರಕ್ಕೆ ಮೂರು ಸಲ ಮಾಡ್ಲೇಬೇಕು, ಬೇರೆ ದಾರಿ ಇಲ್ಲ" ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು.

ಅಕ್ಕ ಅವರ ಬೆನ್ನನ್ನೇ ನೋಡುತ್ತಾ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು. "ಮೂರು ದಿನ ನಂಗೆ ಬರೋಕಾಗಲ್ಲ ಮೇಡಂ. ಎರಡು ದಿನ ಬಂದ್ರೆ ಮಾರನೇ ದಿನ ಏಳೋಕಾಗಲ್ಲ. ಮೂರಾದ್ರೆ ಬಿಟ್ಟೇ ಬಿಡ್ತೀನಿ."

ಬಿಡುವುದು ಅಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಮಷೀನು ಬಿಟ್ಟರೆ ಹೆಚ್ಚು ದಿನ ಇರುವುದಿಲ್ಲ. ನನಗೆ ತಡೆಯಲಾಗಲಿಲ್ಲ. ಪೊಟ್ಯಾಷಿಯಮ್ಮೂ ನೀರೂ ಒಟ್ಟಿಗೆ ಏರಿವೆ ಎಂದರೆ ಎಳನೀರೇ ಎಂದು ನಾನಾಗಲೇ ತೀರ್ಮಾನ ಮಾಡಿಯಾಗಿತ್ತು.

"ದಿನಕ್ಕೆ ಎಷ್ಟು ಎಳನೀರು ಕುಡೀತೀರಿ?" ಎಂದೆ.

"ಇಲ್ಲ ಮೇಡಂ."

"ಹಣ್ಣು?"

"ಇಲ್ಲ."

"ಸುಳ್ಳು ಹೇಳ್ಬೇಡಿ ಅಕ್ಕ. ಮಷೀನು ಸುಳ್ಳು ಹೇಳಲ್ಲ, ನೀವೇ ಹೇಳ್ತಿದ್ದೀರಿ."

ಮೆಲ್ಲಗೆ ಹೇಳಿದ್ದರೆ ಬೇರೆ ಮಾತಾಗಿತ್ತು. ನಾನು ಹೇಳಿದ್ದು ಐದೂ ಮಂಚಗಳಿಗೆ ಕೇಳಿಸಿತು. ಯಾರೋ ಕೆಮ್ಮಿದರು. ಅಕ್ಕ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದರು. ಮಷೀನು ಮುಗಿದ ಮೇಲೆ ಕೈಗೆ ಪಟ್ಟಿ ಕಟ್ಟಿಸಿಕೊಂಡು ಹೋದರು. ಪ್ರತಿ ಸಲ ಹೋಗುವಾಗ "ಬರ್ತೀನಿ ಮೇಡಂ" ಎನ್ನುತ್ತಿದ್ದರು, ಅವತ್ತು ಅನ್ನಲಿಲ್ಲ.

ಶುಕ್ರವಾರ ಅವರು ಬರಲಿಲ್ಲ. ಒಂಬತ್ತೂವರೆಯ ಬಸ್ಸು ಬಂದು ಹೋಯಿತು. ಟೆಕ್ನಿಷಿಯನ್ ಮಷೀನು ತಯಾರುಮಾಡಿಟ್ಟು ಎರಡು ಸಲ ಗಡಿಯಾರ ನೋಡಿ, "ಮೇಡಂ, ಹೊರಗೆ ಇನ್ನೊಬ್ರು ಕಾಯ್ತಿದಾರೆ. ಅವ್ರಿಗೆ ಹಾಕ್ಲಾ?" ಎಂದ. ಮೇಷ್ಟ್ರ ಫೋನು ವ್ಯಾಪ್ತಿಯ ಹೊರಗಿತ್ತು. ಸಂಸೆಯ ಕಡೆ ಅದೇನೂ ಹೊಸತಲ್ಲ. ಆದರೆ ಮಂಗಳವಾರದ ಆರು ಪಾಯಿಂಟ್ ಎಂಟರ ಮೇಲೆ ಒಂದು ಡಯಾಲಿಸಿಸ್ ತಪ್ಪಿದರೆ ಮುಂದಿನ ಮಂಗಳವಾರದ ಹೊತ್ತಿಗೆ ಎಷ್ಟಾಗಿರುತ್ತದೆ ಎಂಬ ಲೆಕ್ಕ ನನ್ನ ತಲೆಯಲ್ಲಿ ಓಡುತ್ತಲೇ ಇತ್ತು. ಸಿಟ್ಟೆಲ್ಲ ಇಳಿದುಹೋಯಿತು. ನನ್ನ ಒಂದು ಮಾತಿಗೆ ಒಂದು ಹೆಂಗಸು ಸಾಯುತ್ತಾಳಲ್ಲಪ್ಪ ಅನ್ನಿಸಿತು.

ರೋಗಿಯ ಮನೆಗೆ ಹೋಗುವುದು ನನ್ನ ಕೆಲಸದ ಪಟ್ಟಿಯಲ್ಲಿಲ್ಲ. ರಿಜಿಸ್ಟರು ಮುಚ್ಚಿ, ಅರ್ಧ ದಿನದ ರಜೆ ಬರೆದಿಟ್ಟು ಕಳಸದ ಬಸ್ಸು ಹತ್ತಿದೆ. ಹೊರಡುವ ಮುಂಚೆ ಟೆಕ್ನಿಷಿಯನ್ ಹತ್ತಿರ, "ಸಂಜೆ ಪಾಳಿಯಲ್ಲಿ ಒಂದು ಮಷೀನು ಹೇಗಾದ್ರೂ ಉಳಿಸಿಡು ಮಾರಾಯ" ಎಂದೆ. ಅವನು, "ನೀವು ಕರ್ಕೊಂಡ್ ಬನ್ನಿ, ನಾನು ನೋಡ್ಕೋತೀನಿ" ಎಂದ.

ಮೊದಲ ಮಳೆ ಬಿದ್ದು ಎಂಟು ದಿನವಾಗಿತ್ತು. ದಾರಿಯುದ್ದಕ್ಕೂ ಕಾಫಿ ಬೆಳ್ಳಗೆ ಹೂಬಿಟ್ಟಿತ್ತು, ಬಸ್ಸಿನೊಳಕ್ಕೂ ಅದರ ವಾಸನೆ. ಹಿಂದಿನ ಸೀಟಿನವರು ಹೂಮಳೆ ಯಾರ ಎಸ್ಟೇಟಿಗೆ ಎಷ್ಟಿಂಚು ಬಿತ್ತು ಎಂದು ಮಾತಾಡುತ್ತಿದ್ದರು. ಈ ದಾರಿಯಲ್ಲಿ ಅಕ್ಕ ವಾರಕ್ಕೆ ನಾಲ್ಕು ಸಲ ಒಬ್ಬರೇ ಓಡಾಡುತ್ತಾರೆ, ಹೋಗುವಾಗ ಮೈಯೆಲ್ಲ ನೀರು ತುಂಬಿಕೊಂಡು, ಬರುವಾಗ ತಲೆಸುತ್ತು ತಡೆದುಕೊಂಡು ಎಂದು ನನಗೆ ಅವತ್ತೇ ಮೊದಲು ಹೊಳೆದಿದ್ದು. ಒಂದು ವರ್ಷದಿಂದ ಅವರ ತೂಕ ಬರೆದಿದ್ದೆ, ಅವರು ಬರುವ ದಾರಿಯನ್ನು ಒಮ್ಮೆಯೂ ನೋಡಿರಲಿಲ್ಲ.

ಕಳಸದಿಂದ ಬಾಡಿಗೆ ಜೀಪಿನಲ್ಲಿ ಇತರರ ಜೊತೆ ಒತ್ತಿಕೊಂಡು ಕೂತು ಸಂಸೆ ತಲುಪಿದಾಗ ಎರಡು ಗಂಟೆ ಹತ್ತಿರವಾಗಿತ್ತು. ಮೇಷ್ಟ್ರ ಮನೆ ಶಾಲೆಯ ಹಿಂದೆಯೇ. ತಗಡಿನ ಮಾಡಿನ ಸಣ್ಣ ಕ್ವಾರ್ಟರ್ಸು. ಜಗಲಿಯಲ್ಲಿ ಅಕ್ಕನ ಅತ್ತೆ ಊಟ ಮುಗಿಸಿ ಕಾಲು ಚಾಚಿ ಕೂತಿದ್ದರು. ಆಸ್ಪತ್ರೆಯಿಂದ ಬಂದೆ ಎಂದ ಕೂಡಲೇ ಗಾಬರಿಯಾದರು.

"ಅಯ್ಯೋ ದೇವರೆ, ಇವತ್ತು ಹೋಗ್ಬೇಕಿತ್ತಾ ಅವ್ಳು? ಇವತ್ತು ಬೇಡ ಅಂದಿದಾರೆ ಅಂದ್ಳಲ್ಲ! ಒಳಗಿದಾಳೆ, ಹೋಗು ಮಗಾ. ಈಗ ಉಣ್ಣೋಕೆ ಕೂತಿರ್ಬೇಕು."

ಅಡುಗೆಮನೆಯ ಬಾಗಿಲಿಗೆ ಬೆನ್ನು ಹಾಕಿ ಅಕ್ಕ ನೆಲದ ಮೇಲೆ ಒಬ್ಬರೇ ಕೂತಿದ್ದರು. ಮುಂದೆ ಸ್ಟೀಲಿನ ತಟ್ಟೆ. ತಟ್ಟೆಯಲ್ಲಿ ಅನ್ನ, ಅನ್ನ ಮುಳುಗುವಷ್ಟು ಸಾರು. ಪಕ್ಕದ ಲೋಟದಲ್ಲೂ ಸಾರು. ಪಲ್ಯದ ಬಾಣಲೆ ಖಾಲಿಯಾಗಿ ತೊಳೆಯಲು ಕೂತಿತ್ತು. ಸಾರಿನ ಬಣ್ಣ ನೋಡಿದೆ. ತಿಳಿಸಾರಿಗೆ ಬರುವ ಬಣ್ಣವಲ್ಲ, ತೆಳು ಹಸಿರು. ಬಾಗಿ ಮೂಸಿದರೆ ಮೆಣಸು, ಹುಣಸೆಹುಳಿಯ ಅಡಿಯಿಂದ ಹೀರೆಕಾಯಿ ಮತ್ತು ಎಲೆಕೋಸಿನ ವಾಸನೆ ಬಂತು.

"ಅಕ್ಕ, ಈ ಸಾರು ಯಾವ ನೀರಿಂದು?"

ಅವರು ತಿರುಗಿ ನೋಡಿ ಏಳಲು ಹೊರಟರು. ನಾನು ಬೇಡವೆಂದು ಅವರೆದುರು ನೆಲದ ಮೇಲೆ ಕೂತೆ.

"ತರಕಾರಿ ಬೆಂದ ನೀರು," ಎಂದರು.

"ಚೆಲ್ಲಿ ಅಂದಿದ್ನಲ್ಲ ಅಕ್ಕ."

"ಅಂದಿದ್ರಿ." ಕೈಯನ್ನು ತಟ್ಟೆಯಲ್ಲೇ ಬಿಟ್ಟು ಮಾತಾಡಿದರು. ಅಷ್ಟು ಉದ್ದ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ನಂಗೊಬ್ಳಿಗೆ ಬೇರೆ ಅಡುಗೆ ಎಂತಕ್ಕೆ ಅಂತ ಎಲ್ರಿಗೂ ಒಟ್ಟಿಗೇ ಬೇಯಿಸ್ದೆ. ಇವ್ರಿಗೂ ಬಿಪಿ ಉಂಟು, ಒಳ್ಳೇದೇ ಆಗ್ಲಿ ಅಂತ. ಇಷ್ಟು ದೊಡ್ಡ ಪಾತ್ರೆ ನೀರು, ತರಕಾರಿ ರುಚಿಯೆಲ್ಲ ಅದ್ರಲ್ಲೇ ಉಂಟು. ಬಚ್ಚಲಿಗೆ ಸುರಿಯೋಕೆ ಕೈಯೇ ಬರ್ಲಿಲ್ಲ ಮೇಡಂ. ಇವ್ರಿಗೆ ಬಡಿಸೋಣ ಅಂದ್ರೆ, ಕೆಟ್ಟದ್ದೆಲ್ಲ ನೀರಿಗೆ ಇಳೀತದೆ ಅಂತ ನೀವೇ ಹೇಳಿದ್ರಿ. ಹೆದ್ರಿಕೆ ಆಯ್ತು. ಅದ್ಕೇ ಅವ್ರದ್ದೆಲ್ಲ ಊಟ ಆದ್ಮೇಲೆ ಸಾರು ಮಾಡ್ಕೊಂಡು ನಾನೇ ಮುಗಿಸ್ತಿದ್ದೆ. ನಂದು ಹೇಗೂ ಹಾಳಾಗಿದ್ದೇ ಅಲ್ದಾ?"

"ಪಲ್ಯ?"

"ಅವ್ರು ಉಂಡು ಮಿಕ್ಕಿದ್ರೆ."

ಮನೆಯವರೆಲ್ಲರ ಪಾಲಿನ ತರಕಾರಿಯ ಪೊಟ್ಯಾಷಿಯಂ ತಟ್ಟೆಗಟ್ಟಲೆ, ಲೋಟಗಟ್ಟಲೆ ಒಬ್ಬರೇ ಕುಡಿದಿದ್ದರು. ಸಾರನ್ನು ನೀರಿನ ಲೆಕ್ಕಕ್ಕೆ ಹಿಡಿಯಬೇಕೆಂದು ಅವರಿಗೆ ಅನ್ನಿಸಿರಲಿಲ್ಲ, ನಾನೂ ಬಿಡಿಸಿ ಹೇಳಿರಲಿಲ್ಲ. ತೂಕ ಏರಿದ್ದೂ ಅದಕ್ಕೇ. ಸಾರಿನ ಮಟ್ಟಿಗೆ ಅವರು ಪ್ರತಿ ವಾರ ನನಗೆ ನಿಜವನ್ನೇ ಹೇಳಿದ್ದರು. ತಿಳಿಸಾರು ಎಂದಿದ್ದರು, ನಾನು ಸರಿ ಗುರುತು ಹಾಕಿದ್ದೆ. ಯಾವ ನೀರಿನ ಸಾರು ಎಂದು ಒಂದು ಮಾತು ಕೇಳಲಿಲ್ಲ. ಅದೂ ನಾನು ಹುಟ್ಟಿ ಬೆಳೆದದ್ದು ಬಸ್ಸಾರಿನ ಸೀಮೆಯಲ್ಲಿ. ಸೊಪ್ಪು ಬೇಯಿಸಿದ ನೀರನ್ನು ನಮ್ಮಮ್ಮ ಒಂದು ದಿನವೂ ಚೆಲ್ಲಿದವಳಲ್ಲ. ಚೆಲ್ಲು ಎಂದರೆ ಅಡುಗೆ ಮಾಡುವ ಕೈ ಚೆಲ್ಲುವುದಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು.

ಅತ್ತೆ ಯಾವಾಗಲೋ ಬಾಗಿಲಿಗೆ ಬಂದು ನಿಂತಿದ್ದರು. ಸೊಸೆಯನ್ನು ಬೈಯುತ್ತಾರೆಂದುಕೊಂಡೆ. ಬೈದರು.

"ಅಲ್ವೇ, ಮಳೆಗಾಲದಲ್ಲಿ ಕಳಲೆ ತಂದ್ರೆ ಎಂತ ಮಾಡ್ತೀಯೆ ನೀನು? ಹೆಚ್ಚಿ ಮೂರು ದಿನ ನೆನೆಹಾಕಿ, ದಿನಾ ನೀರು ಬದ್ಲಿಸಿ ಬದ್ಲಿಸಿ ಚೆಲ್ಲಲ್ವಾ? ಆ ನೀರಲ್ಲಿ ಯಾರಾದ್ರೂ ಸಾರು ಮಾಡ್ತಾರೇನೇ? ಇದೂ ನಿನ್ ಪಾಲಿಗೆ ಕಳಲೆ ನೀರೇ ಅಂತ ತಿಳ್ಕೋ. ಬಚ್ಚಲಿಗೆ ಸುರಿಯೋಕೆ ಮನಸ್ಸಿಲ್ದಿದ್ರೆ ತಣಿಸಿ ದಾಸವಾಳದ ಬುಡಕ್ಕೆ ಹಾಕು. ಗಿಡಕ್ಕಾದ್ರೂ ಆಗ್ತದೆ."

ಬಿದಿರಿನ ಮೊಳಕೆಯನ್ನು ನೆನೆಸಿ ನಂಜು ತೆಗೆಯುವುದು ಇಲ್ಲಿ ಎಲ್ಲ ಮನೆಯವರಿಗೂ ಗೊತ್ತಿರುವ ಕೆಲಸ. ನನ್ನ ಚೀಟಿಯಲ್ಲಿ ಆರು ಸಾಲು ಬರೆದು ಹೇಳಲಾಗದ್ದನ್ನು ಆ ಮುದುಕಿ ಬಾಗಿಲಿಗೆ ಒರಗಿಕೊಂಡು ಹೇಳಿಬಿಟ್ಟರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ಇವ್ಳು ಎಂತ ಉಣ್ತಾಳೆ ಅಂತ ನಾನು ಕಂಡೇ ಇಲ್ಲ ಮಗಾ. ಒಂದೇ ಮನೇಲಿ ಇದ್ದು" ಎಂದರು.

ಅಕ್ಕನ ಕೈ ಹಿಡಿದು ನೋಡಿದೆ. ನಾಡಿ ನಿಧಾನವಾಗಿತ್ತು, ಕಾಲು ಸೋತಂತಿದೆ ಎಂದರು. ಮಾತಾಡುತ್ತಾ ಕೂರುವ ಹೊತ್ತು ಅದಲ್ಲ. ಮೇಷ್ಟ್ರನ್ನು ತರಗತಿಯಿಂದ ಕರೆಸಿದೆವು. ಅವರು ಚಾಕ್‌ಪುಡಿಯ ಕೈಯಲ್ಲೇ ಓಡಿ ಬಂದು ಒಂದು ಜೀಪು ಹಿಡಿದರು. ಹೊರಡುವಾಗ ಅಕ್ಕ ಬಾಗಿಲಲ್ಲಿ ನಿಂತು, "ಅವತ್ತು ಎಲ್ರ ಎದುರಿಗೆ ಹಾಗಂದ್ರಲ್ಲ, ಮತ್ತೆ ಆ ಮಂಚಕ್ಕೆ ಬರೋಕೆ ಮುಖ ಇರ್ಲಿಲ್ಲ ಮೇಡಂ" ಎಂದರು. ತಪ್ಪಾಯಿತು ಎಂದೆ. ಎಲ್ಲರ ಎದುರಿಗೂ ಅದನ್ನು ಹೇಳುತ್ತೇನೆ ಎಂದೂ ಹೇಳಿದೆ.

ಕಳಸದಲ್ಲಿ ಸಿಗ್ನಲ್ಲು ಸಿಕ್ಕ ಕೂಡಲೇ ಡಾಕ್ಟ್ರಿಗೆ ಫೋನು ಮಾಡಿದೆ. ಅವರು ಹೇಳಿದಂತೆ ಅಲ್ಲೇ ಒಂದು ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ, ಹೃದಯಕ್ಕೆ ರಕ್ಷಣೆಯ ಇಂಜೆಕ್ಷನ್ ಹಾಕಿಸಿ ಮುಂದೆ ಹೊರಟೆವು. ಇಸಿಜಿಯ ಗೆರೆಗಳು, ಪೊಟ್ಯಾಷಿಯಂ ಏರಿದಾಗ ಆಗುವ ಹಾಗೆ, ಚೂಪಾಗಿ ಮೇಲೆದ್ದಿದ್ದವು. ತಿರುವು ತಿರುವಿಗೂ ನಾನು ಅಕ್ಕನ ಮಣಿಕಟ್ಟು ಬಿಡಲಿಲ್ಲ. ಐದೂಕಾಲಿಗೆ ಮೂಡಿಗೆರೆ ತಲುಪಿದಾಗ ಟೆಕ್ನಿಷಿಯನ್ ಮಷೀನು ತೊಳೆದು ಹೊರಗೆ ನಿಂತು ಕಾಯುತ್ತಿದ್ದ. ಡಯಾಲಿಸಿಸ್‌ಗೆ ಮುಂಚೆ ತೆಗೆದ ರಕ್ತದಲ್ಲಿ ಏಳು ಪಾಯಿಂಟ್ ಎರಡು. ಒಂದು ಗಂಟೆ ಮಷೀನು ಓಡಿದ ಮೇಲೆ ಇಸಿಜಿಯ ಗೆರೆ ತಗ್ಗಿತು, ಆಗ ನಾನು ಹೊರಗೆ ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತೆ.

ಮುಂದಿನ ಮಂಗಳವಾರ ಐದೂ ಮಂಚದವರ ಎದುರು ತಪ್ಪು ಒಪ್ಪಿಕೊಂಡೆ. ಅವತ್ತು ಕೆಮ್ಮಿದ್ದವರೇ, "ಹೋಗ್ಲಿ ಬಿಡಿ ಮೇಡಂ" ಎಂದರು. ಚೀಟಿಯನ್ನು ಮತ್ತೆ ಬರೆದೆ. ಆರು ಸಾಲಿನ ಜಾಗದಲ್ಲಿ ಈಗ ಒಂದೇ ಸಾಲಿದೆ: ಕಳಲೆಯ ನೀರಿನ ಹಾಗೆ ಈ ನೀರನ್ನೂ ಚೆಲ್ಲಿ. ಅದರ ಕೆಳಗೆ: ರೋಗಿಯ ಪಾಲನ್ನು ಮೊದಲು ತೆಗೆದಿಡಿ. ಊಟ ಕೇಳುವಾಗ ಈಗ ಏನು ಎಂದಷ್ಟೇ ಕೇಳುವುದಿಲ್ಲ, ಯಾವಾಗ, ಯಾರ ಜೊತೆ ಎಂದೂ ಕೇಳುತ್ತೇನೆ. ಯಾರ ಜೊತೆ ಎಂಬ ಪ್ರಶ್ನೆಗೆ ಎಷ್ಟೋ ಹೆಂಗಸರು ನಗುತ್ತಾರೆ.

ಮೂರು ವಾರಕ್ಕೆ ಅಕ್ಕನ ಅಂಕಿ ಐದು ಪಾಯಿಂಟ್ ಮೂರಕ್ಕೆ ಬಂತು. ಡಾಕ್ಟ್ರು ವಾರಕ್ಕೆ ಎರಡನ್ನೇ ಸದ್ಯಕ್ಕೆ ಮುಂದುವರಿಸಿ ಎಂದರು. ಅವರ ಮನೆಯಲ್ಲಿ ದಾಸವಾಳದ ಗಿಡದ ಹತ್ತಿರ ನಿಂತರೆ ಮಾತ್ರ ಫೋನು ಸಿಗುತ್ತದೆ. ಬೆಂದ ನೀರನ್ನು ಬುಡಕ್ಕೆ ಸುರಿಯಲು ಹೋದಾಗ ಅಲ್ಲಿಂದಲೇ ಕೆಲವೊಮ್ಮೆ ನನಗೆ ಫೋನು ಮಾಡುತ್ತಾರೆ. ಈಗ ಅತ್ತೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಉಣ್ಣುವುದಿಲ್ಲವಂತೆ.

ಹೋದ ಭಾನುವಾರ ಮಧ್ಯಾಹ್ನ ಫೋನು ಬಂತು. ಸೀಮೆಬದನೆ ಪಲ್ಯ, ಅನ್ನ, ಒಂದು ಸೌಟು ಮಜ್ಜಿಗೆ ಎಂದು ಒಪ್ಪಿಸಿದರು. ನೀರು ಗಿಡಕ್ಕೆ ಹಾಕಿಯಾಯಿತು ಎಂದರು. ಶಭಾಷ್ ಎಂದೆ. ಇಡುತ್ತಾರೆಂದುಕೊಂಡರೆ, "ನಿಮ್ದು ಊಟ ಆಯ್ತಾ?" ಎಂದು ಕೇಳಿದರು.

"ಆಯ್ತು ಅಕ್ಕ," ಎಂದೆ. ಕೈಯಲ್ಲಿ ಅರ್ಧ ತಿಂದ ಬನ್ನು ಇತ್ತು.

"ಎಂತ ಉಂಡ್ರಿ?"

"ಅನ್ನ, ಸಾರು."

"ಯಾವ ನೀರಿನ ಸಾರು?"

ಕೈಯಲ್ಲಿದ್ದ ಬನ್ನನ್ನು ನೋಡಿದೆ. ಆ ಕಡೆ ದೂರದಲ್ಲಿ ಒಂದು ಜೀಪು ಗೇರು ಬದಲಿಸುವ ಸದ್ದು ಕೇಳಿಸಿತು.

"ಸುಳ್ಳು ಹೇಳ್ಬೇಡಿ ಮೇಡಂ," ಎಂದರು. ನಾನು ಅಂದಿದ್ದ ಮಾತೇ. ಆದರೆ ಅವರು ಹೇಳಿದ್ದು ಮೆಲ್ಲಗೆ, ನನಗೊಬ್ಬಳಿಗೇ ಕೇಳುವ ಹಾಗೆ. "ಒಲೆ ಹಚ್ಚಿ. ನಾನು ಫೋನು ಇಡಲ್ಲ."

ಬನ್ನು ಕೆಳಗಿಟ್ಟು ಎದ್ದೆ. ಪಾತ್ರೆ ಹುಡುಕಿ ತೊಳೆದೆ. ಅಕ್ಕಿ ಡಬ್ಬಿಯ ಮುಚ್ಚಳ ತೆಗೆದವಳಿಗೆ ಕೈ ಓಡಲಿಲ್ಲ. ಎಲ್ಲರಿಗೂ ಅಳತೆ ಹೇಳಿಕೊಡುವವಳು ನಾನು, ಆದರೂ ಕೇಳಿದೆ.

"ಎಷ್ಟು ಅಕ್ಕಿ ಹಾಕ್ಲಿ ಅಕ್ಕ?"

"ಒಬ್ರಿಗೆ ಅರ್ಧ ಪಾವು ಸಾಕು," ಎಂದರು. "ಹಾಕಿ. ಬೇಯೋ ತನಕ ನಾನು ಇಲ್ಲೇ ನಿಂತಿರ್ತೀನಿ."